ಮಾದರಿ ರೈಲಿಗೆ ತಕ್ಕ ವಿದ್ಯುತ್ತು

ಮಕ್ಕಳಿಗೆಂದು ಕೊಂಡ ಮಾದರಿ ರೈಲು ದೊಡ್ಡವರ ಕೈಯಲ್ಲಿಯೇ ಉಳಿಯುವುದು ಲೋಕಾನುಭವ. ಹಾಗೆ ಉಳಿದು, ತಂದೆಯಿಂದ ಮಗನಿಗೆ ಬಂದ ಎಂಜಿನು ಹೊಂದದ ವಿದ್ಯುತ್ತಿನ ದೆಸೆಯಿಂದ ಕೆಲವು ನಿಮಿಷಗಳಲ್ಲಿ ಸುಟ್ಟುಹೋಗುವುದೂ ಉಂಟು. ಎಂಜಿನಿಗೆ ತಕ್ಕ ವಿದ್ಯುತ್ತನ್ನು ಆರಿಸುವ ಬಗೆಯನ್ನು ನಾವು ಈ ಹೊತ್ತು ವಿಚಾರಮಾಡೋಣ.

ಮೊದಲು ನೋಡತಕ್ಕದ್ದು ವಿದ್ಯುತ್ತಿನ ಜಾತಿ. ಒಂದೇ ದಿಕ್ಕಿಗೆ ಹರಿಯುವುದು ಏಕಮುಖ ಪ್ರವಾಹ; ಮತ್ತೆ ಮತ್ತೆ ದಿಕ್ಕನ್ನು ಬದಲಿಸುವುದು ಪರ್ಯಾಯ ಪ್ರವಾಹ. ಎರಡೇ ಕಂಬಿಗಳಿಂದ ವಿದ್ಯುತ್ತನ್ನು ಪಡೆದು, 16.5 ಮಿಲಿಮೀಟರ್ ಅಗಲದ ಹಾದಿಯಲ್ಲಿ ಓಡುವ ಸಾಮಾನ್ಯ ಎಂಜಿನುಗಳಿಗೆ 12 ವೋಲ್ಟಿನವರೆಗಿನ ಏಕಮುಖ ಪ್ರವಾಹ ಬೇಕು. ಜರ್ಮನಿಯ ಮೆರ್ಕ್ಲಿನ್ ಕಂಪನಿಯವರ ಹಳೆಯ ಎಂಜಿನುಗಳು 16 ವೋಲ್ಟಿನವರೆಗಿನ ಪರ್ಯಾಯ ಪ್ರವಾಹದಿಂದ ಓಡುತ್ತವೆ. ಹಿಂದುಮುಂದಾಗಲು ಅವಕ್ಕೆ ಕ್ಷಣಕಾಲ 24 ವೋಲ್ಟನ್ನು ಕೊಡಬೇಕು. ಶಾಶ್ವತ ಅಯಸ್ಕಾಂತವುಳ್ಳ ಏಕಮುಖ ಎಂಜಿನಿಗೆ ಪರ್ಯಾಯ ಪ್ರವಾಹವನ್ನು ಹರಿಸಿದರೆ ಅದು ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ಗುಂಯ್‌ಗುಡುತ್ತ ಒಳಗೇ ಕಾದು ಕೆಡುತ್ತದೆ.

ಇನ್ನು ವೋಲ್ಟು ಮತ್ತು ಆಂಪಿಯರು. ಇವೆರಡರ ಭೇದವನ್ನು ತಿಳಿಯಲು ಮಾಳಿಗೆಯ ಮೇಲಿನ ನೀರಿನ ತೊಟ್ಟಿಯನ್ನು ನೆನೆಯಬಹುದು. ತೊಟ್ಟಿಯನ್ನು ಎತ್ತರಿಸಿದರೆ ಕೊಳಾಯಿಯ ಮೇಲೆ ಒತ್ತಡ ಹೆಚ್ಚುತ್ತದೆ, ಅಗಲಿಸಿದರೆ ಹೆಚ್ಚುವುದಿಲ್ಲ. ವೋಲ್ಟು ಆ ಎತ್ತರದಂತೆ. ಅದು ಎಂಜಿನಿಗೆ ಹೇಳಿದ ಮಿತಿಯನ್ನು ಮೀರಕೂಡದು. ಪೆಟ್ಟಿಗೆಯ ಮೇಲೆ ಬರೆದ ಆಂಪಿಯರು ಆ ಅಗಲದಂತೆ. ಎಂಜಿನು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಅರ್ಧ ಆಂಪಿಯರನ್ನು ಎಳೆಯುವ ಮೂರು ಎಂಜಿನುಗಳು ಒಟ್ಟಿಗೆ ಓಡಬೇಕಾದರೆ ಒಂದೂವರೆ ಆಂಪಿಯರು ಬೇಕು. ಎರಡಿದ್ದರೆ ಲೇಸು, ಒಂದೇ ಇದ್ದರೆ ಸಾಲದು.

ಹಾಗಾದರೆ ಆಂಪಿಯರು ಎಷ್ಟು ಹೆಚ್ಚಿದ್ದರೂ ಬಾಧೆಯಿಲ್ಲವೆ? ರೈಲು ಹಳಿಯಮೇಲಿರುವವರೆಗೆ ಇಲ್ಲ. ಹಳಿ ತಪ್ಪಿದ ಬಂಡಿಯ ಗಾಲಿ ಎರಡು ಕಂಬಿಗಳನ್ನೂ ಕೂಡಿಸಿದೊಡನೆ ತೊಟ್ಟಿಗೆ ತೂತು ಬಿದ್ದಂತಾಗುತ್ತದೆ. 12 ವೋಲ್ಟಿನ ಐದು ಆಂಪಿಯರೆಂದರೆ 60 ವಾಟು. ಅಷ್ಟು ಶಾಖ ಒಂದೆಡೆ ಸೇರಿದರೆ ಪ್ಲಾಸ್ಟಿಕ್ಕು ಕರಗುತ್ತದೆ. ಆದುದರಿಂದ ಪ್ರವಾಹವನ್ನು ತಟಕ್ಕನೆ ಕಡಿಯುವ ರಕ್ಷಣಾಸಾಧನ ಪೆಟ್ಟಿಗೆಯಲ್ಲಿರಲೇಬೇಕು. ಕಂಬಿಗಳ ಮೇಲೆ ಅಡ್ಡಲಾಗಿ ಒಂದು ನಾಣ್ಯವನ್ನಿಟ್ಟು ಅದನ್ನು ಪರೀಕ್ಷಿಸಬಹುದು; ಹಾದಿಯ ತುತ್ತತುದಿಯಲ್ಲಿಟ್ಟಾಗಲೂ ಪ್ರವಾಹ ಒಡನೆ ನಿಲ್ಲಬೇಕು.

ಹಳೆಯ ಟ್ರಾನ್ಸ್‌ಫಾರ್ಮರುಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. 220 ವೋಲ್ಟಿಗೆಂದು ಮಾಡಿದ್ದನ್ನು 230 ವೋಲ್ಟಿನ ಮನೆಯಲ್ಲಿ ಕೂಡಿಸಿದರೆ ಆ 24 ವೋಲ್ಟು 25ನ್ನು ಮುಟ್ಟುತ್ತದೆ. ಹೊಸ ಎಂಜಿನುಗಳೊಳಗಿನ ಸೂಕ್ಷ್ಮ ಭಾಗಗಳಿಗೆ ಇದು ಅಪಾಯ. ಅದಕ್ಕಿಂತ ಘೋರವಾದುದು ತಂತಿಯ ಹೊದಿಕೆ ಸವೆದಿರುವುದು. ಮನೆಯ ವಿದ್ಯುತ್ತಿಗೂ ಮಗುವಿನ ಬೆರಳಿಗೂ ನಡುವೆ ಇರುವ ತಡೆ ಆ ಪೆಟ್ಟಿಗೆಯೊಂದೇ. ಹೊದಿಕೆ ಬಿರಿದಿದ್ದರೆ ಅದನ್ನು ಕಪಾಟಿನಲ್ಲಿ ನೆನಪಿಗಾಗಿ ಇಟ್ಟುಕೊಂಡು, ಎಂಜಿನಿಗೆ ಹೊಸದನ್ನು ಕೊಳ್ಳುವುದೇ ವಿವೇಕ.