ಇಪ್ಪತ್ತೆಂಟು ದಿವಸದ ಲೆಕ್ಕದ ವಹಿ



ಈ ಮಾತು ನಾನು ಮಾರ್ಚ್ ತಿಂಗಳ ರವಿವಾರದ ಬೈಠಕಿನಲ್ಲಿ ನಿಂತು ಹೇಳಿದ್ದು. ಬರೆದು ಕೊಡು, ಸ್ಮರಣ ಸಂಚಿಕೆಗೆ ಹಾಕೋಣ ಅಂತ ಸಂಘದ ಅಣ್ಣಂದಿರು ಅಂದರು. ಅವತ್ತು ಬಂದಿದ್ದವರು ಹದಿನೇಳು ಮಂದಿ, ಅದರಾಗ ಐದು ಮಂದಿ ನಮ್ಮ ಮನೆಯವರೇ. ಓದುವ ನೀವು ಅದಕ್ಕಿಂತ ಹೆಚ್ಚು ಇರುತ್ತೀರಿ ಅಂತ ತಿಳಕೊಂಡು, ಆಡಿದ ಹಂಗ ಬರೆದಿದ್ದೇನೆ. ನಾನು ಹತ್ತನೆಯ ತನಕ ನಮ್ಮೂರ ಕನ್ನಡ ಶಾಲೆ, ಆಮೇಲೆ ಮರಾಠಿ. ಈಗ ಸೋಲಾಪುರದಲ್ಲಿ ಬಿ.ಎ. ಎರಡನೆಯ ವರ್ಷ, ಅರ್ಥಶಾಸ್ತ್ರ. ತಪ್ಪಿದ್ದರೆ ಹೊಟ್ಟ್ಯಾಗ ಹಾಕ್ಕೋರಿ.

2025ರ ಫೆಬ್ರವರಿ 7ಕ್ಕೆ ನಮ್ಮ ವಸ್ತಿಯೊಳಗ ರಮಾಯಿ ಜಯಂತಿ ಮಾಡಿದಿವಿ. ಭಾಷಣಕ್ಕ ಬಂದಿದ್ದ ಹಿರಿಯರು ನಮ್ಮ ಹುಡುಗರನ್ನ ಚೆನ್ನಾಗಿ ಬೈದರು. ಫೋನು, ಹೋಟೆಲು, ಬಟ್ಟೆ ಅಂತ ದುಡ್ಡು ಸುಡತೀರಿ, ರಮಾಯಿ ಎಷ್ಟು ಕಡಿಮೆಯೊಳಗ ಸಂಸಾರ ತೂಗಿಸಿದಳು ನೋಡ್ರಿ, ಒಂದು ತಿಂಗಳರ ಬೇಡಾದ ಖರ್ಚು ಬಿಟ್ಟು ಸರಳವಾಗಿ ಬದುಕಿ ತೋರಿಸ್ರಿ ಅಂದರು. ಎಲ್ಲರೂ ಚಪ್ಪಾಳಿ ಹೊಡೆದರು. ನಾನೂ ಹೊಡೆದೆ. ರಾತ್ರಿ ಮಲಗುವಾಗ, ಚಪ್ಪಾಳಿ ಹೊಡೆದ ಮೇಲೆ ಮಾಡಬೇಕಲ್ಲ ಅನಿಸಿತು. ಮರುದಿನ 8ರಿಂದ ಮಾರ್ಚ್ 7ರ ತನಕ ಅಂತ ಗೊತ್ತು ಮಾಡಿಕೊಂಡೆ. ತಿಂಗಳು ಇಪ್ಪತ್ತೆಂಟೇ ದಿವಸದ್ದು ಸಿಕ್ಕಿತು, ಅದರಾಗ ನನ್ನ ಚಾಲಾಕಿತನ ಸ್ವಲ್ಪ ಇತ್ತು ಅಂತ ಒಪ್ಪಿಕೊಳ್ಳುತ್ತೇನೆ.

ಒಂದು ವಹಿ ಮಾಡಿದೆ. ಕನ್ನಡದಾಗ ಬರೆದೆ, ಯಾಕಂದ್ರ ನನ್ನ ತಮ್ಮ ಮರಾಠಿ ಶಾಲೆಯವ, ಅವನಿಗೆ ಓದಲಿಕ್ಕೆ ಬರಬಾರದು ಅಂತ. ನನ್ನ ಕಮಾಯಿ ದೊಡ್ಡದೇನಲ್ಲ. ವಸ್ತಿಯ ಆರು ಮಕ್ಕಳಿಗೆ ಸಂಜೆ ಪಾಠ ಹೇಳತೀನಿ, ಒಬ್ಬರಿಗೆ 200ರಂತೆ ತಿಂಗಳಿಗೆ 1,200. ಸ್ಕಾಲರ್‌ಶಿಪ್ಪು ಯಾವಾಗ ಬರತೈತೋ ಆವಾಗ ಬಂತು. ಎಸ್.ಟಿ. ಪಾಸು ಬಿಡಲಿಕ್ಕೆ ಬರೂದಿಲ್ಲ, ಫೋನಿನ ರಿಚಾರ್ಜು ಬಿಟ್ಟರೆ ಕಾಲೇಜಿನ ನೋಟ್ಸು ಬರೂದಿಲ್ಲ. ಬಿಟ್ಟದ್ದು ಮೂರು. ಕ್ಯಾಂಟೀನಿನ ಚಹಾ-ವಡಾಪಾವ್, ದಿವಸಕ್ಕ 25 ರೂಪಾಯಿ. ಸಂಜೆ ಕಾಲೇಜಿನಿಂದ ಸ್ಟ್ಯಾಂಡಿಗೆ ಬರುವ ಆಟೋ, 20 ರೂಪಾಯಿ. ಮತ್ತೆ ಫೋನಿನೊಳಗ ಹದಿನೈದು ದಿವಸದಿಂದ ನೋಡಿ ಇಟ್ಟಿದ್ದ ಒಂದು ಕುರ್ತಿ, 399.

ಆ ತಿಂಗಳು ಕಾಲೇಜು ನಡೆದದ್ದು 19 ದಿವಸ. ಒಂದು ದಿವಸ ಗೆಳತಿಯ ಹುಟ್ಟುಹಬ್ಬ, ಬಿಟ್ಟರೆ ಚಲೋ ಕಾಣೂದಿಲ್ಲ ಅಂತ ತಿಂದೆ. ಎರಡು ದಿವಸ ತಲೆ ಒಡದಂಗ ಬಿಸಿಲು, ಆಟೋ ಹತ್ತಿದೆ. ಉಳಿದದ್ದು ಚಹಾ-ವಡಾಪಾವಿನ 450, ಆಟೋದ 340, ಕುರ್ತಿಯ 399. ಒಟ್ಟು 1,189. ವಡಾಪಾವ್ ಬಿಟ್ಟದ್ದಕ್ಕ ಡಬ್ಬಿಯೊಳಗ ಎರಡು ರೊಟ್ಟಿ ಹೆಚ್ಚು ಹೋದವು, ಶೇಂಗಾ ಚಟ್ನಿ ಹೆಚ್ಚು ಹೋತು. ಅದನ್ನ ಬಡಿದವಳು ಅವ್ವ, ನಸುಕಿನ್ಯಾಗ ಎದ್ದು. ಆ ಲೆಕ್ಕ ನನ್ನ ವಹಿಯಲ್ಲಿ ಇಲ್ಲ. ಅರ್ಥಶಾಸ್ತ್ರ ಓದುವವಳಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಎಂಟು ದಿವಸ ಆದಮೇಲೆ ಧೈರ್ಯ ಬಂದು ಮನೆಯವರ ಖರ್ಚನ್ನೂ ಬರೆಯಲಿಕ್ಕೆ ಹತ್ತಿದೆ. ಅವ್ವ ನಗಾಡಿದಳು. "ನೀ ಒಂದು ತಿಂಗಳು ಮಾಡಾಕತ್ತೀದಿ ಯವ್ವಾ, ನಾ ಈ ಮನಿಗಿ ಬಂದಾಗಿಂದ ಇದನ್ನ ಮಾಡಾಕತ್ತೀನಿ. ನನಗ್ಯಾರೂ ಚಪ್ಪಾಳಿ ಹೊಡೀಲಿಲ್ಲಲ್ಲ" ಅಂದಳು. ಬರೆದು ನೋಡಿದರೆ ಅವ್ವನ ಹೆಸರಿನ ಮುಂದೆ ಬಿಡುವಂಥದ್ದು ಒಂದೂ ಇರಲಿಲ್ಲ. ಇದ್ದದ್ದು ವಾರದ ಹಪ್ತೆ, 620 ರೂಪಾಯಿ. ಅಕ್ಕನ ಮದುವೆಗೆ ಮಹಿಳಾ ಗುಂಪಿನ ಮೇಲೆ ತೆಗೆದ ಸಾಲ. ನಾಲ್ಕು ವಾರಕ್ಕ 2,480. ನಾನು 28 ದಿವಸ ನಾಲಿಗೆ ಕಟ್ಟಿ, ಕಾಲು ಸವೆಸಿ ಉಳಿಸಿದ್ದು ಅದರ ಅರ್ಧವೂ ಆಗಲಿಲ್ಲ. ಆ ಮದುವೆಯ ಬ್ಯಾಂಡು, ಮಂಟಪ, ಮಂದಿಗೆ ಉಡಿಸಿದ ಟಾವೆಲ್ಲು-ಟೋಪಿಗಿ, ಅವನ್ನೆಲ್ಲ ನಾವು ಎರಡು ವರ್ಷದಿಂದ ತೀರಿಸಾಕತ್ತೀವಿ. ವಡಾಪಾವನ್ನು ಬೈಯುವವರು ಇದನ್ನ ಬೈಯೂದಿಲ್ಲ.

ಇನ್ನು ಅಜ್ಜನ ಸುದ್ದಿ. ಅಜ್ಜನಿಗೆ ಶ್ರಾವಣಬಾಳ ಯೋಜನೆಯ ಪಗಾರ 1,500 ಬರತೈತಿ. ಅದರಾಗ ಮುಂಜಾನೆ ದಿನಾ 10 ರೂಪಾಯಿ ತಗೊಂಡು ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಚಹಾ ಕುಡಿದು ಬರತಾನ. ಮನೆಯೊಳಗ ಚಹಾ ಆಗಿರತೈತಿ, ಒಂದು ಸುತ್ತು ಕುಡಿದೇ ಹೋಗತಾನ. ನಾನು 28 ಗುಣಿಲೆ 10, 280 ಅಂತ ಬರೆದು ಅದರ ಸುತ್ತ ಕೆಂಪು ಪೆನ್ನಿನಿಂದ ಗೋಲ ಹಾಕಿ ಅಜ್ಜನಿಗೆ ತೋರಿಸಿದೆ. ಇದು ಬೇಡಾದ ಖರ್ಚು ಹೌದಲ್ಲೋ ಅಜ್ಜಾ ಅಂದೆ. ಅಜ್ಜ ಏನೂ ಅನ್ನಲಿಲ್ಲ. ಎರಡು ದಿವಸ ಹೋಟೆಲಿಗೆ ಹೋಗಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಮೂರನೆಯ ದಿವಸ ಹೊರಸಿನ ಮೇಲೆ ಕೂತವನು ತಾನೇ ಮಾತು ತೆಗೆದ. ತಾನು ಸಣ್ಣವನಿದ್ದಾಗ ಆ ಹೋಟೆಲಿನ ಜಾಗದಾಗ ತಗಡಿನ ಅಂಗಡಿ ಇತ್ತಂತೆ. ಹೊರಗಿನ ಗೋಡೆಯ ಗೂಡಿನೊಳಗ ನಮ್ಮವರ ಕಪ್ಪು-ಬಶಿ ಬೇರೆ ಇಡುತ್ತಿದ್ದರಂತೆ. ತಾನೇ ತಗೋಬೇಕು, ಮೇಲಿನಿಂದ ಸುರುವತಿದ್ದರು, ಬಿಸಲಾಗ ಕುಕ್ಕರಗಾಲಿಲೆ ಕೂತು ಕುಡಿಬೇಕು, ತಾನೇ ತೊಳೆದು ಅದೇ ಗೂಡಿನೊಳಗ ಇಡಬೇಕು. ಒಳಗ ಬಾಕಿನ ಮೇಲೆ ಕೂಡುವವರ ಬೆನ್ನಷ್ಟೇ ಕಾಣತಿತ್ತಂತೆ. "ನಾ ಹತ್ತು ರೂಪಾಯಿ ಚಹಾಕ್ಕ ಕೊಡೂದಿಲ್ಲ ಯವ್ವಾ, ಬಾಕಿಗಿ ಕೊಡತೀನಿ" ಅಂದ. ಆಮೇಲೆ ನನ್ನ ವಹಿ ತಗೊಂಡು ತಿರುವಿ ಹಾಕಿ ನೋಡಿದ, ಓದು ಬರೂದಿಲ್ಲ, ಕೆಂಪು ಗೋಲ ಮಾತ್ರ ಗುರುತು ಹಿಡಿದು ಅದರ ಮೇಲೆ ಬೆರಳಿಟ್ಟ. ನಾನು ಅವತ್ತೇ ಆ ಹಾಳಿ ಹರಿದೆ. ಮರುದಿನ ಮುಂಜಾನೆ ಅಜ್ಜನ ಜೋಡಿ ನಾನೂ ಹೋಗಿ ಬಾಕಿನ ಮೇಲೆ ಕೂತು ಚಹಾ ಕುಡಿದೆ. ನನ್ನ ಲೆಕ್ಕದಾಗ 10 ರೂಪಾಯಿ ಖರ್ಚು ಬಿತ್ತು ಅಂತ ಬರೆಯಲಿಲ್ಲ, ಅಜ್ಜನೇ ಕೊಟ್ಟ.

ಅಂದಿನಿಂದ ನನಗ "ಸರಳ ಜೀವನ" ಅನ್ನುವ ಮಾತು ಕೇಳಿದರೆ ಸಂಶಯ ಬರತೈತಿ. ಇದ್ದವರು ಬಿಟ್ಟರೆ ಅದು ಸರಳತೆ. ನಮ್ಮವರಿಗೆ ಹೊಸ ಬಟ್ಟೆ ಹಾಕಬ್ಯಾಡ, ಚಪ್ಪಲಿ ಮೆಟ್ಟಿ ಓಣಿಯೊಳಗ ಬರಬ್ಯಾಡ ಅಂತ ಊರೇ ಹೇಳಿದ ಕಾಲ ಇತ್ತು. ಅದನ್ನ ಸರಳತೆ ಅನ್ನೋಣೇನು? 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳಿಗೆ ಬೇರೆಯಾಗಿ ಮಾತಾಡಿದರು. ಜಾತಿ ತೋರಿಸುವ ಹಾಗೆ ಸೀರೆ ಉಡುವುದನ್ನು ಬಿಡಿರಿ, ಕೈ-ಕೊರಳ ತುಂಬ ಹೇರಿಕೊಳ್ಳುವ ಗುರುತಿನ ಒಡವೆ ಬಿಡಿರಿ, ಸ್ವಚ್ಛವಾಗಿರಿ ಅಂತ ಹೇಳಿದರು. ಅಲ್ಲಿ ಬಿಡುವುದೂ ಇತ್ತು, ಮಾಡಿಕೊಳ್ಳುವುದೂ ಇತ್ತು. ಲಂಡನ್ನಿನಲ್ಲಿ ಓದುವಾಗ ಅವರು ಊಟ ಕಡಿಮೆ ಮಾಡಿದರು, ಬಸ್ಸಿನ ದುಡ್ಡು ಉಳಿಸಲಿಕ್ಕೆ ನಡೆದರು, ಪುಸ್ತಕ ಬಿಡಲಿಲ್ಲ. ಅಲ್ಲಿ ಕೂತು ರೂಪಾಯಿಯ ಸಮಸ್ಯೆಯ ಮೇಲೆ ಬರೆದ ಗ್ರಂಥ 1923ರಲ್ಲಿ ಹೊರಬಂತು. ಮುಂದೆ ದುಡ್ಡು ಬಂದಾಗ ದಾದರದಲ್ಲಿ ರಾಜಗೃಹ ಕಟ್ಟಿಸಿದ್ದೂ ಪುಸ್ತಕಕ್ಕ ಜಾಗ ಬೇಕು ಅಂತ. ಸೂಟು ಹಾಕಿದರು, ಹರಕು ಉಟ್ಟು ದೊಡ್ಡವರಾಗಲಿಲ್ಲ.

ರಮಾಯಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ತಾಯಿ ಕಡಿಮೆಯೊಳಗ ಸಂಸಾರ ನಡೆಸಿದ್ದು ನಿಜ. ಆದರೆ ಅದು ಒಂದು ತಿಂಗಳು ಆರಿಸಿಕೊಂಡ ವ್ರತ ಅಲ್ಲ. ಗಂಡ ಪರದೇಶದಲ್ಲಿ, ಮನೆಯೊಳಗ ರೊಕ್ಕ ಇಲ್ಲ, ಮಕ್ಕಳು ಕೈಯಾಗ ತೀರಿಹೋದವು. 1935ರ ಮೇ 27ಕ್ಕೆ ಅವರೂ ಹೋದರು. ಅವರ ಕಷ್ಟಕ್ಕ ಕೈ ಮುಗಿಯೋಣ, ಅದನ್ನ ನಮ್ಮ ಅವ್ವಂದಿರಿಗೆ ನಮೂನೆ ಅಂತ ತೋರಿಸುವುದು ಬೇಡ. ಅವರಿಗೆ ಬಿಡಲಿಕ್ಕೆ ಏನೂ ಉಳಿದಿಲ್ಲ.

ಬೈಠಕಿನಲ್ಲಿ ಗದ್ದಲ ಆದದ್ದು ವರ್ಗಣಿಯ ಮಾತಿಗೆ. ಇಲ್ಲೂ ಬರೆಯುತ್ತೇನೆ, ಸಿಟ್ಟಾಗಬ್ಯಾಡ್ರಿ. ಹೋದ ವರ್ಷದ ಭೀಮ ಜಯಂತಿಯ ಜಮಾ-ಖರ್ಚು ಅಕ್ಷರ ಚಲೋ ಅದಾವ ಅಂತ ನನ್ನ ಕೈಯಿಂದಲೇ ಬರೆಸಿದ್ದಿರಿ. ಜಮಾ 84,000. ಡೀಜೆಗೆ, ಲೈಟಿಂಗಿಗೆ ಎರಡು ರಾತ್ರಿ ಸೇರಿ 52,000. ವಾಚನಾಲಯದ ಪುಸ್ತಕಕ್ಕ 3,000. ನಾನು ಡೀಜೆ ಬೇಡ ಅಂದೆ. ಆಗ ಒಬ್ಬ ಕಾಕಾ ಎದ್ದು, ಆ ಒಂದು ದಿವಸ ನಾವು ಊರ ನಡುವಿನ ಹಾದಿಯಿಂದ ಹೋಗತೀವಿ, ನಮ್ಮ ಅಪ್ಪಂದಿರು ತಲೆ ಬಗ್ಗಿಸಿ ಹೋದ ಹಾದಿ ಅದು, ಅಲ್ಲಿ ಆವಾಜು ಬೇಕು ಅಂದರು. ನನಗ ಅಜ್ಜನ ಬಾಕು ನೆನಪಾಗಿ ಮಾತು ನಿಂತಿತು. ಹಂಗಾದರೆ ಡೀಜೆ ಬದಲು ಹಲಗಿ ಇರಲಿ, ಸೋವಿ ಆಕ್ಕೈತಿ ಅಂತ ಹಿಂದಿನಿಂದ ಒಬ್ಬ ಹುಡುಗ ಅಂದ. ಸಾವಿಗೂ ಜಾತ್ರಿಗೂ ಬಿಟ್ಟಿಯಾಗಿ ಹಲಗಿ ಬಾರಿಸಿದ ಅಜ್ಜಂದಿರು ಇಬ್ಬರು ಎದ್ದು ಹೊರಗ ಹೋದರು. ಯಾವುದು ಸೋವಿ, ಯಾವುದು ತುಟ್ಟಿ, ಬರೇ ರೂಪಾಯಿಯೊಳಗ ಹೇಳಲಿಕ್ಕೆ ಆಗೂದಿಲ್ಲ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಾಯಿತು.

ಆದರೂ ನನ್ನ ಮಾತು ಪೂರ್ತಿ ಹಿಂದಕ್ಕೆ ತಗೊಳ್ಳೂದಿಲ್ಲ. ಮೆರವಣಿಗೆಯ ರಾತ್ರಿ ಆವಾಜು ಇರಲಿ. ಮರುದಿನ ವಸ್ತಿಯೊಳಗ, ನಮ್ಮ ನಮ್ಮ ಗೋಡೆಗೇ ಮುಖ ಮಾಡಿ ನಡುರಾತ್ರಿಯ ತನಕ ಹಚ್ಚುವುದು ಯಾರಿಗೆ ಕೇಳಲಿ ಅಂತ? ಆ ರಾತ್ರಿಯ ದುಡ್ಡಿನಾಗ ವಾಚನಾಲಯಕ್ಕೆ ಎರಡು ಫ್ಯಾನು, ಪರೀಕ್ಷೆಗೆ ಕೂಡುವ ಮಕ್ಕಳ ಫಾರ್ಮಿನ ಫೀ ಆಗುತ್ತದೆ. ಹುಡುಗಿಯರು ನಾವು ಲೇಜಿಮ್ ಕಲಿತು ಮೆರವಣಿಗೆಯ ಮುಂದೆ ಆಡತೀವಿ ಅಂತಲೂ ಹೇಳಿದೆ. ಠರಾವು ಆಗಲಿಲ್ಲ. ಮುಂದಿನ ಬೈಠಕಿಗೆ ಇಟ್ಟಿದ್ದೀರಿ, ಮರೆಯಬ್ಯಾಡ್ರಿ. ಲೇಜಿಮ್ಮಿಗೆ ಈಗಾಗಲೇ ಹನ್ನೊಂದು ಹೆಸರು ಬಂದಿವೆ.

ಉಳಿದ 1,189 ಏನು ಮಾಡಿದೆ ಅಂತ ಬೈಠಕಿನಲ್ಲಿ ಒಬ್ಬರು ಕೇಳಿದರು. 500 ನನ್ನ ಪರೀಕ್ಷೆಯ ಫಾರ್ಮಿಗೆ ಕೂಡಿಸಿದೆ. 200 ವರ್ಗಣಿ ಕೊಟ್ಟೆ, ಪಾವತಿ ಐತಿ. ಉಳಿದದ್ದು ಹಿಡಕೊಂಡು, ನಿನಗೇನು ಬೇಕು ಅಂತ ಅವ್ವನನ್ನ ಕೇಳಿದೆ. ಏನೂ ಬ್ಯಾಡ ಅಂದಳು. ಮೂರು ಸಲ ಕೇಳಿದ ಮೇಲೆ, ಸೂಜಿಗೆ ದಾರ ಕಾಣವಲ್ದು, ಒಂದು ಚಷ್ಮಾ ಸಿಕ್ಕರ ನೋಡು ಅಂದಳು. ಸೋಲಾಪುರಕ್ಕ ಕರಕೊಂಡು ಹೋಗಿ, ಕಣ್ಣು ತೋರಿಸಿ 350 ರೂಪಾಯಿಯ ಚಷ್ಮಾ ಮಾಡಿಸಿದೆ. ಅವ್ವ ಎರಡನೆಯತ್ತೆ ತನಕ ಓದಿದವಳು, ಅಂಕಿ ಗೊತ್ತು. ಮನೆಗೆ ಬಂದವಳು ಸೂಜಿ ಹಿಡಿಯಲಿಲ್ಲ. ಡಬ್ಬಿಯೊಳಗಿನ ಹಪ್ತೆಯ ಕಾರ್ಡು ತೆಗೆದು ಬೆಳಕಿಗೆ ಹಿಡಿದು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಎಣಿಸಿ, "ಇನ್ನಾ ಮೂವತ್ತೊಂದು ವಾರ ಐತಿ" ಅಂದಳು.