ಗಾಜಿನೊಳಗಣ ಬೆಳಕು



ಮೇಣದ ಬತ್ತಿಯ ವಿಷಯ ಹೇಳಲು ಕನ್ನಡದ ಅಧ್ಯಾಪಕನೇ ಬೇಕಿತ್ತೆ ಎಂದು ನಿಮ್ಮಲ್ಲಿ ಕೆಲವರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಪದಗಳ ನಂಟನ್ನು ಬೆದಕುತ್ತ ಆಯುಷ್ಯ ಸವೆಸಿದವನಿಗೆ ಈ ಬತ್ತಿಯಲ್ಲಿಯೂ ಓದುವುದು ಸಾಕಷ್ಟಿದೆ. ಮೊಂಬತ್ತಿ ಎನ್ನುತ್ತೇವಲ್ಲ, ಅದರ ‘ಮೋಮ್’ ಪಾರಸಿ ಮಾತು. ಮೇಣ ಎಂದೇ ಅದರ ಅರ್ಥ. ಅದಕ್ಕೆ ಸಂಸ್ಕೃತದ ವರ್ತಿಯಿಂದ ಬಂದ ಬತ್ತಿ ಜೊತೆಯಾಯಿತು. ಇಂದು ಹೇರಳವಾಗಿ ಬಳಕೆಯಲ್ಲಿರುವ ಪ್ಯಾರಫಿನ್ ಮೇಣದ ಹೆಸರು ಲ್ಯಾಟಿನ್ನಿನದು. ‘ನಂಟು ಕಡಿಮೆಯಾದದ್ದು’ ಎಂದು ಅದರ ತಾತ್ಪರ್ಯ. ಬೇರೆ ವಸ್ತುಗಳೊಡನೆ ಸುಲಭವಾಗಿ ಸಂಯೋಗ ಹೊಂದದ ಸ್ವಭಾವವನ್ನು ಕಂಡು ಇಟ್ಟ ಹೆಸರು. ಇಂಥ ಬಿಗುಮಾನದ ವಸ್ತು ಒಂದು ನೂಲಿನ ಸಹವಾಸದಿಂದ ಬೆಳಕಾಗುವುದು ಸೋಜಿಗವಲ್ಲವೆ?

ಬಣ್ಣದ ಲೋಟ, ಬಟ್ಟಲು, ಕುಸುರಿ ಕೆತ್ತಿದ ಗಾಜಿನ ಪಾತ್ರೆಗಳಲ್ಲಿ ಮೇಣ ಎರೆದು ಬತ್ತಿ ಮಾಡುವ ಹವ್ಯಾಸ ಈಚೆಗೆ ನಮ್ಮ ಮನೆಗಳಲ್ಲಿಯೂ ಬೇರೂರಿದೆ. ನಮ್ಮ ಬೀದಿಯ ಗೃಹಿಣಿಯೊಬ್ಬರಿಗಾದರೋ ಇದು ಹವ್ಯಾಸವಲ್ಲ, ಮಗನ ಕಾಲೇಜಿನ ಶುಲ್ಕ. ಕಳೆದ ದೀಪಾವಳಿಯಲ್ಲಿ ಅವರು ಮಾರಿದ ಗಾಜೊಂದು, ಕೊಂಡವರ ಮನೆಯಲ್ಲಿ ಉರಿಯುತ್ತಿದ್ದಂತೆಯೇ ಸೀಳಿತು. ಮೇಜಿನ ಬಟ್ಟೆ ಸುಟ್ಟಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. “ಈ ಕೆಲಸ ಬಿಟ್ಟುಬಿಡಲೆ, ಮೇಷ್ಟ್ರೆ?” ಎಂದರು. “ಬಿಡುವ ಮೊದಲು ಏಕೆ ಸೀಳಿತೆಂದು ತಿಳಿಯೋಣ, ತಾಯಿ” ಎಂದೆ.

1860-61ರ ಚಳಿಗಾಲದಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಒಂದು ಮೇಣದ ಬತ್ತಿಯನ್ನು ಮುಂದಿಟ್ಟುಕೊಂಡು ಎಳೆಯರಿಗಾಗಿ ಆರು ಉಪನ್ಯಾಸಗಳನ್ನು ಕೊಟ್ಟನು. ಉರಿಯುವುದು ನೂಲಿಗಿಂತ ಹೆಚ್ಚಾಗಿ ಮೇಣದ ಆವಿ. ಕರಗಿದ ಮೇಣ ನೂಲಿನ ಎಳೆಗಳ ನಡುವೆ ಏರಿ, ಬಿಸಿಗೆ ಆವಿಯಾಗಿ ಜ್ವಾಲೆಯಾಗುತ್ತದೆ. ಮೇಲಕ್ಕೆ ಹರಿಯುವ ಗಾಳಿ ಬತ್ತಿಯ ಹೊರ ಅಂಚನ್ನು ತಂಪಾಗಿರಿಸುವುದರಿಂದ, ಕರಗಿದ ಮೇಣಕ್ಕೆ ಮೇಣವೇ ಬಟ್ಟಲಾಗುತ್ತದೆ. ಗಾಜಿನ ಪಾತ್ರೆಯಲ್ಲಿ ಆ ಬಟ್ಟಲಿನ ಹೊಣೆಯನ್ನು ಗಾಜು ಹೊರಬೇಕು. ಹೊಣೆಯ ಸಂಗಡ ಬೇಗೆಯನ್ನೂ ಹೊರಬೇಕು.

ಅದೇ ದಿನ ಎರೆದ ಇನ್ನೊಂದು ಪಾತ್ರೆಯನ್ನು ತರಿಸಿ ನೋಡಿದೆವು. ನೋಟಕ್ಕೆ ಮನೋಹರ: ತೆಳು ಗಾಜು, ಉಬ್ಬಿದ ಒಡಲು, ಕಿರಿದಾದ ಬಾಯಿ. ಆದರೆ ನೂಲು ನಡುವಿನಿಂದ ಒಂದು ಪಕ್ಕಕ್ಕೆ ಸರಿದಿತ್ತು. ಜ್ವಾಲೆ ಒಂದೇ ಕಡೆ ತಾಗಿದರೆ ಆ ಭಾಗ ಹಿಗ್ಗುತ್ತದೆ, ತಣ್ಣಗಿರುವ ಉಳಿದ ಭಾಗ ಹಿಗ್ಗದು. ಆ ಸೆಳೆತದಲ್ಲಿ ಗಾಜು ಸೀಳುತ್ತದೆ. ಬಾಯಿ ಕಿರಿದಾದರೆ ಬಿಸಿ ಒಳಗೇ ಕೂಡುತ್ತದೆ, ಹೊಸ ಗಾಳಿಯೂ ಸಾಲದೆ ಮಸಿ ಕಟ್ಟುತ್ತದೆ. ನೂಲು ಅತಿ ದಪ್ಪನಾದರೆ ಜ್ವಾಲೆ ಬೆಳೆದು ಗಾಜು ಕಾಯುತ್ತದೆ; ಅತಿ ಸಣ್ಣದಾದರೆ ನಡುವೆ ಬಾವಿ ತೋಡಿ ಬತ್ತಿ ಮುಳುಗುತ್ತದೆ.

ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವಿತವೆಂದು ಸಾಧಿಸಿದನು. ಅಲಂಕಾರವು ತನ್ನ ಜಾಗದಲ್ಲಿದ್ದರಷ್ಟೇ ಅಲಂಕಾರ. ಜ್ವಾಲೆಗೆ ತಾಗುವಂತೆ ಇಟ್ಟ ಒಣಹೂವು ಶೋಭೆಯಲ್ಲ, ಕಿಚ್ಚು. ಬಣ್ಣಕ್ಕೆಂದು ಮಕ್ಕಳ ಮೇಣದ ಬಳಪವನ್ನು ಕರಗಿಸಿದರೆ ಅದರ ಪುಡಿ ನೂಲಿನ ಎಳೆಗಳನ್ನು ಕಟ್ಟಿಬಿಡುತ್ತದೆ. ಬಣ್ಣ ಉಳಿದು ಬೆಳಕು ಹೋಗುತ್ತದೆ. ಇಂಥ ಬರವಣಿಗೆಯನ್ನು ನಾವೂ ಕಂಡಿದ್ದೇವೆ.

ಆಮೇಲೆ ಆಕೆ ತಮ್ಮ ವಿಧಾನವನ್ನೇ ತಿದ್ದಿಕೊಂಡರು. ಬಾಯಿ ಅಗಲವಾದ, ಬಿಸಿ ತಾಳುವ ನೇರ ಗಾಜನ್ನಷ್ಟೇ ಆರಿಸುತ್ತಾರೆ. ಮೇಣವನ್ನು ನೇರ ಒಲೆಯ ಮೇಲಿಡದೆ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸುತ್ತಾರೆ; ಹಾಗಾಗಿ ಅದರ ಬಿಸಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ಮೀರದು. ಗಾಜನ್ನು ಬೆಚ್ಚಗೆ ಮಾಡಿ, ನೂಲನ್ನು ತಳದ ನಡುವಿಗೆ ಅಂಟಿಸಿ, ಮೇಲೆ ಎರಡು ಕಡ್ಡಿಗಳ ನಡುವೆ ನೆಟ್ಟಗೆ ಹಿಡಿಸಿ, ಮೆಲ್ಲಗೆ ಎರೆಯುತ್ತಾರೆ. ಆರುವಾಗ ಮೇಣ ಕುಗ್ಗಿ ನೂಲಿನ ಸುತ್ತ ತಗ್ಗು ಬೀಳುತ್ತದೆ. ಅದನ್ನು ಮತ್ತೊಮ್ಮೆ ತುಂಬುತ್ತಾರೆ. ಮೇಣಕ್ಕೆ ಕಿಚ್ಚು ಹಿಡಿದರೆ ನೀರೆರಚಬಾರದು, ನೀರು ತಟ್ಟನೆ ಆವಿಯಾಗಿ ಉರಿವ ಮೇಣವನ್ನು ಸಿಡಿಸುತ್ತದೆ ಎಂದು ಅರಿತು, ಮುಚ್ಚಳವನ್ನು ಕೈಗೆಟಕುವಂತೆ ಇಟ್ಟುಕೊಂಡಿರುತ್ತಾರೆ. ತಳದಲ್ಲಿ ಸುಮಾರು ಒಂದು ಸೆಂಟಿಮೀಟರ್ ಮೇಣ ಉಳಿದಾಗ ಆರಿಸಿಬಿಡಬೇಕೆಂದು ಪ್ರತಿ ಗಾಜಿಗೂ ಚೀಟಿ ಅಂಟಿಸುತ್ತಾರೆ.

ಇದೆಲ್ಲಕ್ಕಿಂತ ಮಿಗಿಲಾದ ನಿಯಮವೊಂದನ್ನು ಅವರೇ ಮಾಡಿಕೊಂಡಿದ್ದಾರೆ. ಹೊಸ ಬಗೆಯ ಗಾಜು ಬಂದರೆ, ಮೊದಲ ಬತ್ತಿಯನ್ನು ತಮ್ಮ ಅಡುಗೆಮನೆಯ ಕಲ್ಲುಕಟ್ಟೆಯ ಮೇಲೆ ಹೊತ್ತಿಸಿ, ಚೀಟಿಯಲ್ಲಿ ಹೇಳಿದಷ್ಟು ಇಳಿಯುವವರೆಗೆ ಕಾವಲಿರುತ್ತಾರೆ. ಆಮೇಲಷ್ಟೇ ಮಾರಾಟ. ಲಾಭ ಮೊದಲಿಗಿಂತ ಕಡಿಮೆಯಂತೆ. ಮಗನ ಈ ವರ್ಷದ ಶುಲ್ಕ ಮಾತ್ರ ಸಂದಿದೆ.