ಜಂಗಮ ಶಬ್ದದ ಲಕ್ಷಣ ವಿಚಾರ



ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಕೆಂಪು ರಾಶಿಯನ್ನು ಕಾಣದವರು ಈ ಸಭೆಯಲ್ಲಿ ವಿರಳರು. ಆದರೆ ಬಸವಾದಿ ಪ್ರಮಥರು ಈ ಕಾಯಿಯನ್ನು ಕಂಡವರಲ್ಲ. ಅದು ಅಮೇರಿಕಾ ಖಂಡದ ಬೆಳೆ. 16ನೆಯ ಶತಮಾನದಲ್ಲಿ ಪೋರ್ತುಗೀಜರ ಮೂಲಕ ಈ ದೇಶಕ್ಕೆ ಬಂದಿತು. ಕನ್ನಡಿಗನು ಹೊಸ ಕಾಯಿಗೆ ತನ್ನ ಹಳೆಯ ಮೆಣಸಿನ ಹೆಸರನ್ನೇ ತೊಡಿಸಿ ಮೆಣಸಿನಕಾಯಿ ಎಂದನು. ಮೆಣಸು ಬಳ್ಳಿಯ ಕಾಳು, ಇದು ಗಿಡದ ಕಾಯಿ. ಎರಡಕ್ಕೂ ಕುಲದ ನಂಟಿಲ್ಲ. ಖಾರವೊಂದರ ಸಾಮ್ಯದಿಂದ ಹೆಸರು ನಿಂತಿತು. ಹೆಸರು ನಿಂತ ಬಳಿಕ ಕಾಯಿಯು ಪರದೇಶದಿಂದ ಬಂದುದೆಂಬ ನೆನಪೇ ಅಳಿಯಿತು.

ಖಾರವುಳ್ಳದ್ದೇ ಮೆಣಸಿನಕಾಯಿ ಎಂದು ಲಕ್ಷಣ ಕಟ್ಟಿಕೊಂಡವನು ಬ್ಯಾಡಗಿಗೆ ಬಂದರೆ ಬೆಲೆ ಕಟ್ಟಲಾರನು. ಇಲ್ಲಿಯ ಕಡ್ಡಿಗೂ ಡಬ್ಬಿಗೂ ಕೀರ್ತಿ ಬಂದುದು ಬಣ್ಣದಿಂದ. ಖಾರವು ಅವುಗಳಲ್ಲಿ ಕಡಿಮೆ. ನಾಲಿಗೆಗೆ ಮಾತ್ರ ಕೇಳಿದವನಿಗೆ ಕಣ್ಣೆದುರಿನ ಗುಣವು ಕಾಣದೆ ಹೋಗುವದು.

ತರ್ಕಶಾಸ್ತ್ರಜ್ಞರು ಈ ತೊಡಕನ್ನು ಬಲ್ಲವರಾಗಿದ್ದರು. ಕಪಿಲ ವರ್ಣದ್ದೇ ಹಸುವೆಂದರೆ ಬಿಳಿಯ ಹಸು ಹೊರಗುಳಿಯುವದು. ಇದು ಅವ್ಯಾಪ್ತಿ ದೋಷ. ಕೊಂಬುಳ್ಳದ್ದೇ ಹಸುವೆಂದರೆ ಎಮ್ಮೆಯೂ ಒಳಗೆ ಬರುವದು, ಇದು ಅತಿವ್ಯಾಪ್ತಿ. ಹಸುವಿನ ವಿಷಯದಲ್ಲಿ ಈ ದೋಷಗಳು ನಗೆಗೆ ಕಾರಣವಾದಾವು. ಮನುಷ್ಯರ ವಿಷಯದಲ್ಲಿ ಹಾಗಲ್ಲ.

ಜಂಗಮ ಶಬ್ದವನ್ನೇ ನೋಡಬಹುದು. ಚಲಿಸುವದು ಜಂಗಮ, ನಿಂತದ್ದು ಸ್ಥಾವರ. ಶರಣರು ಈ ಶಬ್ದವನ್ನು ಎತ್ತಿಕೊಂಡು ಅಷ್ಟಾವರಣಗಳಲ್ಲಿ ಗುರುಲಿಂಗಗಳ ಜೊತೆಗೆ ಇರಿಸಿದರು. ಅರಿವೂ ಆಚಾರವೂ ಒಂದಾಗಿ ಲೋಕದಲ್ಲಿ ಸಂಚರಿಸುವ ಚೈತನ್ಯಕ್ಕೆ ಅದು ಹೆಸರಾಯಿತು. ಕಾಲಾಂತರದಲ್ಲಿ ಅದೇ ಶಬ್ದವು ಇಂಥ ಮನೆತನದಲ್ಲಿ ಹುಟ್ಟಿದವನು ಎಂಬ ಅರ್ಥಕ್ಕೆ ಇಳಿಯಿತು. ಚಲಿಸುವದಕ್ಕೆ ಇಟ್ಟ ಹೆಸರೇ ಸ್ಥಾವರವಾಯಿತು!

ಹುಟ್ಟೇ ಲಕ್ಷಣವಾದರೆ ಅರಿವಿಲ್ಲದವನೂ ಜಂಗಮನಾಗುವನು, ಇಲ್ಲಿ ಅತಿವ್ಯಾಪ್ತಿ. ಅವ್ಯಾಪ್ತಿಯಾದರೋ ಇನ್ನೂ ಘೋರವಾದದ್ದು. ಹರಿಹರ ಕವಿಯ ಪ್ರಭುದೇವರ ರಗಳೆಯಲ್ಲಿ ಬಳ್ಳಿಗಾವೆಯ ಅಲ್ಲಮನು ಮದ್ದಳೆಯ ವಾದಕನು. ಆ ಅಲ್ಲಮನನ್ನೇ ಶೂನ್ಯಸಂಪಾದನೆಯು ಕಲ್ಯಾಣದ ಶೂನ್ಯಸಿಂಹಾಸನದ ಮೇಲೆ ಕುಳ್ಳಿರಿಸುವದು. ಬಸವಣ್ಣನವರು ಆತನಲ್ಲಿ ಪರಮ ಜಂಗಮವನ್ನು ಕಾಣುವರು. ಹುಟ್ಟಿನ ಲಕ್ಷಣವನ್ನು ಹಿಡಿದು ಬಾಗಿಲಲ್ಲಿ ನಿಂತವನು ಪ್ರಭುದೇವರನ್ನೇ ಹೊರಗೆ ನಿಲ್ಲಿಸಬೇಕಾಗುವದು. ಆತನ ಮನಸ್ಸು ಕೆಟ್ಟದ್ದೆಂದಲ್ಲ. ಆತನ ಶಬ್ದಕ್ಕೆ ಅಷ್ಟೇ ಅಗಲ.

ಹಾಗಾದರೆ ಲಕ್ಷಣವೇ ಬೇಡವೆ ಎಂದು ಹಿರಿಯರು ಕೇಳಬಹುದು. ಕೇಳುವದು ನ್ಯಾಯವೇ. ಮಠವೆಂದ ಮೇಲೆ ಪರಂಪರೆ ಬೇಕು, ದೀಕ್ಷೆ ಬೇಕು, ಯಾರು ಅಧಿಕಾರಿ ಎಂಬ ನಿರ್ಣಯ ಬೇಕು. ಮನೆತನಗಳು ಶತಮಾನಗಳ ತನಕ ಆಚಾರವನ್ನು ಕಾಯ್ದುಕೊಂಡು ಬಂದದ್ದೂ ಸಣ್ಣ ಉಪಕಾರವಲ್ಲ. ಆದರೆ ಕಾಯುವವನನ್ನೇ ನಿಧಿಯೆಂದು ಎಣಿಸಿದರೆ ನಿಧಿಯನ್ನು ಯಾರೂ ಹುಡುಕುವದಿಲ್ಲ.

ಶಬ್ದವನ್ನು ಬಿಸುಡದೆ ಅದರ ಅಗಲವನ್ನು ಹೆಚ್ಚಿಸಿದವನೊಬ್ಬನು ಈ ನಾಡಿನವನೇ ಆಗಿರುವನು. ಬ್ಯಾಡಗಿಯ ನೆರೆಯ ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರವು ತುಂಗಭದ್ರೆಯ ದಂಡೆಯ ಮೇಲಿರುವದು. ಅಂಬಿಗರ ಚೌಡಯ್ಯನು ಹುಟ್ಟು ಹಿಡಿದು ದೋಣಿ ನಡೆಸಿದ ಶರಣನು. ಅಂಬಿಗನೆಂಬುದು ಲೋಕದ ಬಾಯಲ್ಲಿ ಒಂದು ಜಾತಿಯ ಗುರುತು, ಪಂಕ್ತಿಯಲ್ಲಿ ಎಲ್ಲಿ ಕುಳ್ಳಿರಬೇಕೆಂದು ತಿಳಿಸುವ ಮಾತು. ಅನೇಕ ಶರಣರು ತಮ್ಮ ವಚನಗಳ ಕೊನೆಯಲ್ಲಿ ಇಷ್ಟದೈವದ ನಾಮವನ್ನು ಅಂಕಿತವಾಗಿ ಇರಿಸಿದರು. ಆ ಸ್ಥಾನದಲ್ಲಿ ಚೌಡಯ್ಯನು ಇರಿಸಿದ್ದು ತನ್ನ ಹೆಸರನ್ನೇ, ಅದೂ ಅಂಬಿಗನೆಂಬ ಕಾಯಕದ ಹೆಸರಿನೊಡನೆ. ಪಂಕ್ತಿಯ ತುದಿಗೆ ಕಳುಹಲು ಲೋಕವು ಬಳಸಿದ ಆ ಶಬ್ದವನ್ನು, ಬೇರೆ ಶರಣರ ವಚನಗಳಲ್ಲಿ ದೇವರ ಹೆಸರು ಬರುವಲ್ಲಿ, ಭಕ್ತರು ಇಂದಿಗೂ ಓದುತ್ತಿರುವರು.